ಉಪವಾಸದ ತಿಂಗಳ ವೈರುಗಳು

ಯಾವ ಕಾರಿನ ಹತ್ತಿರ ಹೋದರೂ ನನ್ನ ಗಂಡ ಜುಫ್ರಿ ಮೊದಲು ಮೂಗು ಒಡ್ಡುತ್ತಾರೆ. ನೆಂಟರ ಕಾರಿರಲಿ, ಮದುವೆ ಮನೆಯ ಮುಂದೆ ಹೂ ಕಟ್ಟಿ ನಿಲ್ಲಿಸಿದ ಕಾರಿರಲಿ, ಬಾನೆಟ್ಟಿನ ಸಂದಿಗೆ ಮುಖ ತಗ್ಗಿಸಿ ಒಂದು ಉಸಿರು ಎಳೆದುಕೊಂಡ ಮೇಲೆಯೇ ಮುಂದಿನ ಮಾತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿದೆಯೇ ಎಂಬ ಹುಡುಕಾಟ ಅದು. ತೈಪಿಂಗಿನ ನಮ್ಮ ಬೀದಿಯಲ್ಲಿ ಇದಕ್ಕೆ ನಗದವರಿಲ್ಲ. ಪಕ್ಕದ ಶೆಡ್ಡಿನಲ್ಲಿ ಎಂಜಿನ್ ಕೆಲಸ ಮಾಡುವ ಮಣಿಯಂ ಒಮ್ಮೆ ನನ್ನೆದುರೇ, "ತಂಗೀ, ಇವನು ನಿನ್ನನ್ನೂ ಮೂಸಿ ನೋಡಿಯೇ ಒಪ್ಕೊಂಡಿರ್ಬೇಕು," ಎಂದಿದ್ದ. ಜುಫ್ರಿ ನಗಲಿಲ್ಲ. "ಅವಳಲ್ಲಿ ಹಳೇ ವೈರಿಲ್ಲ," ಎಂದರು, ಗಂಭೀರವಾಗಿಯೇ.

ಇವರು ಕಾರಿನ ವೈರು ಕೆಲಸದವರು. ಎಂಜಿನ್ ಕೆಟ್ಟರೆ ಮಣಿಯಂ. ದೀಪ, ಹಾರನ್ನು, ಫ್ಯಾನು, ಸ್ಟಾರ್ಟರು ಕೈಕೊಟ್ಟರೆ ಜುಫ್ರಿ. ಶಾಲೆ ಬಿಟ್ಟ ವರ್ಷವೇ ಲೌ ಎಂಬ ಚೀನೀಯರ ಶೆಡ್ಡಿಗೆ ಕೆಲಸ ಕಲಿಯಲು ಸೇರಿದವರು. ಊರಿನವರೆಲ್ಲ ಆ ಯಜಮಾನರನ್ನು ತೌಕೆ ಎನ್ನುತ್ತಿದ್ದರು, ಇವರೂ ಹಾಗೇ. ಒಂದು ಮಧ್ಯಾಹ್ನ ಶೆಡ್ಡಿನ ಎದುರೇ ಒಂದು ಟ್ಯಾಕ್ಸಿ ಹೊತ್ತಿಕೊಂಡಿತಂತೆ. ಒಳಗೆ ಯಾರೂ ಇರಲಿಲ್ಲ. ಆದರೆ ಹಿಂದಿನ ಸೀಟಿನ ಮೇಲೆ ಮಗುವಿನ ದಿಂಬೊಂದಿತ್ತು. ಅದು ಉರಿದು ಮುದುರಿಕೊಳ್ಳುವುದನ್ನು ಇವರು ಗಾಜಿನ ಈಚೆ ನಿಂತು ನೋಡಿದರು. ಈ ಮಾತನ್ನು ನನಗೆ ಹೇಳಿದ್ದು ನಮ್ಮ ಮಗಳು ವರ್ದಾ ಹುಟ್ಟಿದ ಮೇಲೆ, ಅವಳ ತೊಟ್ಟಿಲಿಗೆ ದಿಂಬು ಹೊಲಿಯುತ್ತಿದ್ದಾಗ. ಆ ಬೆಂಕಿ ನೋಡಿದಂದಿನಿಂದ ಇವರ ಮೈಯಲ್ಲಿ ಒಂದು ಭಯ ಕೂತಿದೆ. ಅದೇ ಭಯ ಇವರಿಗೆ ಅನ್ನ ಕೊಟ್ಟಿದೆ ಎಂದೂ ಹೇಳಬೇಕು. ಜುಫ್ರಿ ಕಟ್ಟಿದ ವೈರು ಅಂದರೆ ಜನ ಮಕ್ಕಳನ್ನು ಕೂರಿಸಿಕೊಂಡು ಧೈರ್ಯವಾಗಿ ಹೊರಡುತ್ತಿದ್ದರು.

ತೌಕೆ ಲೌ ಕಲಿಸಿದ ಕೆಲಸದಲ್ಲಿ ಮೊದಲನೆಯದು ವೈರು ಸುಲಿಯುವುದು. ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು, ಸುತ್ತಲೂ ಮೆಲ್ಲಗೆ ಕಚ್ಚಿ, ಎಳೆದರೆ ಸಿಪ್ಪೆ ಮಾತ್ರ ಕಳಚಿಕೊಳ್ಳುತ್ತದೆ. ಒಳಗಿನ ತಾಮ್ರದ ಎಳೆಗಳಿಗೆ ಏನೂ ಆಗುವುದಿಲ್ಲ. ಒಂದೊಂದು ವೈರಿನಲ್ಲೂ ಕೂದಲಿನಂಥ ಹತ್ತಾರು ಎಳೆಗಳಿರುತ್ತವೆ. ಅವುಗಳಲ್ಲಿ ಅರ್ಧ ಕತ್ತರಿಸಿಹೋದರೆ ಹತ್ತು ಜನ ಹೊರಬೇಕಾದ ಹೊರೆಯನ್ನು ಐವರು ಹೊತ್ತ ಹಾಗೆ. ಉಳಿದವು ಕಾಯುತ್ತವೆ, ಕಂದುತ್ತವೆ, ಒಂದು ದಿನ ಸುಡುತ್ತವೆ. ಸುಲಿಯುವ ಇಕ್ಕಳಗಳು ಅಂಗಡಿಯಲ್ಲಿ ಸಿಗುತ್ತವೆ. ತೌಕೆ ಅವನ್ನು ಮುಟ್ಟುತ್ತಿರಲಿಲ್ಲ. "ಇಕ್ಕಳಕ್ಕೇನ್ ಗೊತ್ತು? ತಾಮ್ರ ಮುಟ್ಟಿದ್ ತಕ್ಷಣ ಹಲ್ಲಿಗೆ ಜುಂ ಅನ್ನುತ್ತೆ, ಅಲ್ಲೇ ನಿಲ್ಲಿಸ್ತೀಯ," ಎನ್ನುವರು.

ಆದರೆ ನಮ್ಮ ಉಪವಾಸದ ತಿಂಗಳಲ್ಲಿ ಜುಫ್ರಿ ಹಗಲು ಹೊತ್ತು ಬಾಯಿಗೆ ವೈರು ಇಡುತ್ತಿರಲಿಲ್ಲ. ನುಂಗದಿದ್ದರೆ ಉಪವಾಸ ಮುರಿಯುವುದಿಲ್ಲ ಎನ್ನುವವರುಂಟು. ಇವರಿಗೆ ನಾಲಿಗೆಯ ಮೇಲೆ ತಾಮ್ರದ ರುಚಿ ಬಂದರೂ ಮನಸ್ಸು ಒಪ್ಪದು. ಹಾಗಾಗಿ ಪ್ರತಿ ವರ್ಷ ಆ ತಿಂಗಳು ತೌಕೆಯೇ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ತಮ್ಮ ಹಲ್ಲಿನಿಂದ ಸುಲಿದು ಸುಲಿದು ಇವರ ಕೈಗೆ ಕೊಡುವರು. "ಉಪವಾಸ ನಿಂದು, ಹಲ್ಲು ನಂದು. ಸ್ವರ್ಗದಲ್ಲಿ ಒಂದ್ ಸ್ಟೂಲಾದ್ರೂ ನನ್ ಹೆಸ್ರಿಗೆ ಹಾಕ್ಸು, ಜೂ," ಎಂದು ನಗುವರು. ಈ ವರ್ಷ ಉಪವಾಸ ಶುರುವಾಗುವ ಮುಂಚೆ ತೌಕೆ ಪೆನಾಂಗಿನ ಮಗಳ ಮನೆಗೆ ಹೊರಟುಹೋದರು. ಕಣ್ಣು ಮಂಜಾಗಿತ್ತು. ಶೆಡ್ಡು ಜುಫ್ರಿಗೆ ಬಂತು, ಪಕ್ಕದ ಸ್ಟೂಲು ಖಾಲಿಯಾಯಿತು.

ನನ್ನ ಅಣ್ಣ ಬಹ್ರಿನ್‌ನ ಕಾರಿನ ಕೆಲಸ ಬಂದದ್ದು ಅದೇ ತಿಂಗಳಲ್ಲಿ. ಇಪ್ಪತ್ತೈದು ವರ್ಷ ದಾಟಿದ ನೀಲಿ ಕಾರು. ಎಂಜಿನ್ ಹೊಗೆಯುಗುಳಿ ಸುಮ್ಮನಾಗಿತ್ತು. ಅಣ್ಣ ಕಮುಂಟಿಂಗಿನ ಅಂಗಳದಿಂದ ಬೇರೆ ಎಂಜಿನ್ ತಂದ. ಜಪಾನಿನ ಹಳೆ ಕಾರುಗಳನ್ನು ಮಧ್ಯಕ್ಕೆ ಗರಗಸ ಹಾಕಿ ಕೊಯ್ದು, ಮುಂದಿನ ಅರ್ಧವನ್ನು ಮಾತ್ರ ಹಡಗಿನಲ್ಲಿ ತಂದು ಮಾರುವ ಜಾಗ ಅದು. ಎಂಜಿನ್ ಚೆನ್ನಾಗಿರುತ್ತದೆ, ಆದರೆ ಅದರ ವೈರುಗಳ ಕಟ್ಟೂ ಗರಗಸಕ್ಕೆ ಸಿಕ್ಕಿ ತುಂಡಾಗಿರುತ್ತದೆ. ಆ ತುಂಡಾದ ಕಟ್ಟನ್ನು ಅಣ್ಣನ ಕಾರಿನ ಮುದಿ ವೈರುಗಳಿಗೆ ಕೂಡಿಸುವುದು ಇವರ ಪಾಲಿನ ಕೆಲಸ.

ಮಣಿಯಂ ಎಂಜಿನ್ ಇಳಿಸಿ ಕೂರಿಸಿ, ಕೈ ಒರೆಸಿಕೊಂಡು, "ನನ್ ಕಡೆಯಿಂದ ಗಂಡು ರೆಡಿ. ಹೆಣ್ಣನ್ನ ನೀನೇ ಒಪ್ಪಿಸ್ಬೇಕು ಮಚಾ," ಎಂದ.

ಹೆಣ್ಣು ಸುಲಭಕ್ಕೆ ಒಪ್ಪುವಂತಿರಲಿಲ್ಲ. ನಮ್ಮ ಮನೆ ಶೆಡ್ಡಿನ ಹಿಂದೆಯೇ ಇರುವುದರಿಂದ ಆಗಷ್ಟೇ ಹುಟ್ಟಿದ್ದ ನಮ್ಮ ಎರಡನೆಯ ಕೂಸು, ಪಾಪುವನ್ನು ಎತ್ತಿಕೊಂಡು ನಾನು ಆಗಾಗ ಹೋಗಿ ನೋಡುತ್ತಿದ್ದೆ. ವೈರಿಗೆ ವೈರು ಕೂಡಿಸುವ ಪ್ಲಾಸ್ಟಿಕ್ ಕಪ್ಲರುಗಳು ಎಂಜಿನ್ನಿನ ಶಾಖಕ್ಕೆ ಬೆಂದೂ ಬೆಂದೂ ಸೀಗಡಿ ಹಪ್ಪಳದ ಹಾಗಾಗಿದ್ದವು, ಬೆರಳಿಟ್ಟರೆ ಪುಡಿ. ಒಂದನ್ನು ಯಾರೋ ಹಿಂದೆಯೇ ಪ್ಯಾಕೆಟ್ಟು ಕಟ್ಟುವ ದಾರದಿಂದ ಬಿಗಿದು ಬಿಟ್ಟಿದ್ದರು. ಒಳಗಿನ ಪಿನ್ನುಗಳಲ್ಲಿ ಹಸಿರು ಕಿಲುಬು. ವೈರು ಸುಲಿದರೆ ತಾಮ್ರ ಕರ್ರಗೆ. ಹೊಳೆಯುವ ತಾಮ್ರ ಸಿಗುವವರೆಗೂ ಹಿಂದೆ ಹಿಂದೆ ಕತ್ತರಿಸಿಕೊಂಡು ಹೋಗಬೇಕು, ಹೊಸ ಕಪ್ಲರು ಹಾಕಬೇಕು, ಬೆಸುಗೆ ಹಾಕಿ ಮೇಲೆ ರಬ್ಬರಿನ ಕೊಳವೆ ಏರಿಸಿ ಬಿಸಿ ಮಾಡಿ ಬಿಗಿಸಬೇಕು. ಬಾಯಾರಿಕೆಯ ಮಧ್ಯಾಹ್ನಗಳಲ್ಲಿ, ಎಂಜಿನ್ನಿನ ಗುಂಡಿಯೊಳಗೆ ತಲೆ ತೂರಿಸಿಕೊಂಡು ಇವರು ಅದನ್ನೇ ಮಾಡುತ್ತಿದ್ದರು. ಸುಲಿಯುವುದಕ್ಕೆ ಕೈಯಲ್ಲಿ ಗಡ್ಡದ ಬ್ಲೇಡು.

"ಬಾಂಗ್, ಇಕ್ಕಳ ತಗೋಬಾರ್ದಾ? ಕೈ ಕುಯ್ಕೋತೀರ," ಎಂದೆ. ಗಂಡನನ್ನು ನಾವು ಕರೆಯುವುದು ಹಾಗೆ.

"ಹಳೇ ಪ್ಲಾಸ್ಟಿಕ್ಕು ಕಲ್ಲಾಗಿದೆ ರೋಹಾ. ಇಕ್ಕಳ ಜಾರುತ್ತೆ. ಬ್ಲೇಡು ವಾಸಿ," ಎಂದರು. ತುಟಿ ಒಣಗಿ ಬಿರಿದಿತ್ತು. ನಾನು ಪಾಪುವಿನ ಬಟ್ಟೆ ಒಣಗಿದೆಯೇ ನೋಡಲು ಒಳಗೆ ಬಂದೆ.

ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ಕಾರು ಹೊರಟಿತು. ಎಲ್ಲರೂ ಹುಟ್ಟೂರಿಗೆ ಹೋಗುವ ಸಮಯ. ನಮ್ಮ ಊರು ತುಂಪಾಟ್, ಬೆಟ್ಟಗಳ ಆಚೆಯ ಕಡಲ ತೀರ. ಬಾಣಂತನಕ್ಕೆಂದು ಬಂದಿದ್ದ ಅಮ್ಮನನ್ನು ಅಣ್ಣ ತನ್ನ ಕಾರಿನಲ್ಲೇ ಕರೆದುಕೊಂಡು ಹೊರಟ. ನಮ್ಮ ವರ್ದಾ, ನಾಲ್ಕು ವರ್ಷದ್ದು, ಅಜ್ಜಿಯ ಸೆರಗು ಬಿಡಲಿಲ್ಲ. ನಾವು ಮರುದಿನ ಬರುವುದೆಂದಾಯಿತು. ಜುಫ್ರಿ ಕಾರನ್ನು ಮೂರು ಸುತ್ತು ಸುತ್ತಿದರು, ಮೂಸಿದರು, ಫ್ಯಾನು ತಿರುಗುವವರೆಗೆ ಎಂಜಿನ್ ಓಡಿಸಿ ನೋಡಿದರು.

"ಏನಪ್ಪಾ, ಕಾರನ್ನ ಕಳಿಸ್ತಿದೀಯೋ ಮಗಳನ್ನ ಗಂಡನ ಮನೆಗ್ ಕಳಿಸ್ತಿದೀಯೋ?" ಎಂದು ಅಣ್ಣ ರೇಗಿಸಿದ.

"ಬೆಟ್ಟದಲ್ಲಿ ಎಳೀಬೇಡಿ ಬಹ್ರಿನಣ್ಣ. ಶಾಖದ ಮುಳ್ಳು ನೋಡ್ತಾ ಇರಿ," ಎಂದರು ಇವರು.

ನಸುಕಿನ ಊಟ ಮುಗಿಸಿ ಬೆಳಕು ಹರಿಯುತ್ತಲೇ ಅವರು ಹೋದರು. ಬಿಸಿಲೇರಿದ ಮೇಲೆ ಸೆಪಿಯಾ ಅಕ್ಕ ಬಂದಳು. ಮೀನು ಮಾರುವವಳು, ಪಿಕಪ್ಪು ಅವಳದು. ವಾರದ ಹಿಂದಷ್ಟೇ ಇವರು ಅವಳ ಮುಂದಿನ ದೀಪದ ವೈರು ಸರಿಮಾಡಿದ್ದರು.

"ಏನೋ ಜುಫ್ರಿ, ಉಪವಾಸ ನಿಂಗಾ, ನನ್ ದೀಪಕ್ಕಾ? ನಿನ್ನೆಯಿಂದ ಕಣ್ಣೇ ಬಿಡ್ತಿಲ್ಲ!" ಎಂದು ಕೂಗಿಕೊಂಡೇ ಇಳಿದಳು.

ಜುಫ್ರಿ ನಗುತ್ತ ಟೇಪು ಬಿಚ್ಚಿದರು. ನಾನು ಬಾಗಿಲಲ್ಲಿ ಕೂತು ಪಾಪುವಿಗೆ ಹಾಲು ಕುಡಿಸುತ್ತಿದ್ದೆ. ಇವರ ನಗು ಮುಖದ ಮೇಲೆಯೇ ನಿಂತು ಹಾಗೇ ಹಾರಿಹೋಗುವುದನ್ನು ನೋಡಿದೆ. ವೈರು ಇವರದೇ ಬೆಸುಗೆಯ ಬುಡದಲ್ಲಿ ಮುರಿದಿತ್ತು, ಬ್ಲೇಡು ಸುತ್ತಿದ ಗೆರೆಯ ಮೇಲೆ ಸರಿಯಾಗಿ. ಭೂತಗನ್ನಡಿ ತಂದು ನೋಡಿದರು. ಎಳೆಗಳಲ್ಲಿ ಅರ್ಧಕ್ಕೆ ಮಿಕ್ಕಿ ನೀಟಾಗಿ ಕೊಯ್ದುಕೊಂಡಿದ್ದವು. ಉಳಿದವು ಸುಟ್ಟು ಕಂದಿದ್ದವು. ಕಲ್ಲಾದ ಪ್ಲಾಸ್ಟಿಕ್ಕನ್ನು ಒತ್ತಿ ಕೊಯ್ಯುವಾಗ ಬ್ಲೇಡು ತಾಮ್ರಕ್ಕೂ ಇಳಿದಿತ್ತು. ಕೈಗೆ ಅದು ತಿಳಿದಿರಲಿಲ್ಲ.

"ಅಕ್ಕಾ, ದೀಪ ಅಷ್ಟೇನಾ? ಹೊಗೆ ಗಿಗೆ ಬಂತಾ?"

"ಯಾಕೋ, ಬರ್ಬೇಕಿತ್ತಾ?"

ಇವರು ಭೂತಗನ್ನಡಿ ಕೆಳಗಿಟ್ಟರು. ನನ್ನ ಕಡೆ ತಿರುಗಿದರು. ನನಗೆ ವೈರಿನ ವಿದ್ಯೆ ಗೊತ್ತಿಲ್ಲ, ಆದರೂ ಆ ಮುಖ ನೋಡಿದ ಕೂಡಲೇ ಪಾಪುವನ್ನು ಎದೆಯಿಂದ ಬಿಡಿಸಿ ಎದ್ದು ನಿಂತೆ.

"ಅಣ್ಣನ ಕಾರು," ಎಂದೆ.

"ಫ್ಯಾನಿನ ವೈರು," ಎಂದರು. "ದೀಪಕ್ಕಿಂತ ಮೂರು ಪಟ್ಟು ಕರೆಂಟು ಎಳೆಯುತ್ತೆ ಅದು. ಅದ್ನೂ ಬ್ಲೇಡಲ್ಲೇ ಸುಲಿದಿದ್ದು. ಪೆಟ್ರೋಲ್ ಪೈಪಿನ ಪಕ್ಕದಲ್ಲೇ ಹೋಗುತ್ತೆ ರೋಹಾ."

ಅಣ್ಣನಿಗೆ ಫೋನು ಹಚ್ಚಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಹೆಣ್ಣು ದನಿಯೊಂದು ಹೇಳಿತು. ಮತ್ತೆ ಹಚ್ಚಿದೆ. ಮತ್ತದೇ ದನಿ, ಅದೇ ನಯ. ಗೆರಿಕ್ ದಾಟಿದರೆ ಬೆಟ್ಟದ ರಸ್ತೆಯಲ್ಲಿ ಫೋನು ಸತ್ತೇ ಹೋಗುತ್ತದೆ. ಅಂದರೆ ಅವರು ಆಗಲೇ ಕಾಡಿನೊಳಗೆ. ಅಮ್ಮನಿಗೆ ಫೋನೇ ಇಲ್ಲ.

ಜುಫ್ರಿ ತೌಕೆಗೆ ಫೋನು ಮಾಡಿದರು. ಯಾಕೆಂದು ನಾನು ಕೇಳಲಿಲ್ಲ. ಮನುಷ್ಯ ಹೆದರಿದಾಗ ತಂದೆಯನ್ನು ಕರೆಯುತ್ತಾನೆ, ಇವರಿಗಿದ್ದವರು ಅವರೇ. ಸ್ಪೀಕರಿನಲ್ಲಿ ಮುದುಕರ ದನಿ, ಹಿಂದೆ ಟೀವಿಯ ಗಲಾಟೆ.

"ತೌಕೆ, ಒಂದ್ ಕಾರಿನ ಫ್ಯಾನ್ ವೈರು ಕಾಯ್ತಾ ಇರ್ಬೋದು ಅನ್ಸುತ್ತೆ. ಬೆಟ್ಟದಲ್ಲಿದೆ. ಎಷ್ಟ್ ಹೊತ್ತು ತಡೆಯುತ್ತೆ?"

"ಯಾವ್ದ್ರಲ್ಲಿ ಸುಲಿದೆ?"

ಇವರು ಕೈಯಲ್ಲಿದ್ದ ಮುರಿದ ವೈರನ್ನು ತಿರುಗಿಸಿ ನೋಡಿದರು.

"ಕೇಳಿದ್ದಕ್ ಹೇಳು ಜೂ. ಯಾವ್ದ್ರಲ್ಲಿ?"

"ಬ್ಲೇಡಲ್ಲಿ."

ಟೀವಿಯ ಸದ್ದು ನಿಂತಿತು. "ಒಳಗ್ ಯಾರಿದಾರೆ?"

"ವರ್ದಾ."

"ಹಂಗಾದ್ರೆ ನನ್ ಹತ್ರ ಯಾಕ್ ಮಾತಾಡ್ತಾ ನಿಂತಿದೀಯ? ಹೊರಡು!"

ನಾನು ಬಟ್ಟೆ, ನೀರು, ಪಾಪುವಿನ ಲಂಗೋಟಿಗಳನ್ನು ಒಂದು ಚೀಲಕ್ಕೆ ತುರುಕಿದೆ. ಜುಫ್ರಿ ತಮ್ಮ ಕೆಲಸದ ಪೆಟ್ಟಿಗೆಗೆ ಹೊಸ ವೈರು, ಪೆಟ್ರೋಲ್ ಪೈಪಿನ ತುಂಡುಗಳನ್ನು ತುಂಬಿಕೊಂಡರು. ಮಣಿಯಂ ತನ್ನ ನೀರಿನ ಕ್ಯಾನುಗಳನ್ನೂ, ಬೆಂಕಿ ನಂದಿಸುವ ಕೆಂಪು ಸಿಲಿಂಡರನ್ನೂ ನಮ್ಮ ಪುಟ್ಟ ಕಾರಿನ ಹಿಂದೆ ಇಟ್ಟ. ಬೇರೆ ದಿನವಾದರೆ ಏನಾದರೂ ಚುಡಾಯಿಸುತ್ತಿದ್ದ. ಅಂದು, "ಶೆಡ್ಡು ನಾನ್ ನೋಡ್ಕೋತೀನಿ, ಅಕ್ಕನ ದೀಪಾನೂ. ಹುಷಾರಾಗಿ ಓಡ್ಸು," ಎಂದಷ್ಟೇ ಹೇಳಿದ. ಅವನು ತಮಾಷೆ ಮಾಡದೆ ಇದ್ದದ್ದು ನನ್ನನ್ನು ಮತ್ತಷ್ಟು ಹೆದರಿಸಿತು.

ರಸ್ತೆಯ ತುಂಬ ಹಬ್ಬದ ಕಾರುಗಳು. ಮೇಲೆ ಚಾಪೆ, ಸೈಕಲ್ಲು, ಬಿಸ್ಕತ್ತಿನ ಡಬ್ಬಗಳು. ಎಲ್ಲ ಗಾಜುಗಳಲ್ಲೂ ಮಕ್ಕಳ ಮುಖ. ನಾನು ಪ್ರತಿ ತಿರುವಿನಲ್ಲೂ ನೀಲಿ ಬಣ್ಣ ಹುಡುಕುತ್ತಿದ್ದೆ. ಸಿಗಲಿ ಎಂದೂ ಬೇಡುತ್ತಿದ್ದೆ, ರಸ್ತೆಯ ಪಕ್ಕದಲ್ಲಿ ಸಿಗದಿರಲಿ ಎಂದೂ ಬೇಡುತ್ತಿದ್ದೆ. ಎರಡನ್ನೂ ಒಟ್ಟಿಗೆ ಹೇಗೆ ಕೊಡಬೇಕು ದೇವರಾದರೂ!

ಗೆರಿಕ್‌ನಲ್ಲಿ ಪೆಟ್ರೋಲ್ ಬಂಕಿನ ಹೆಂಗಸನ್ನು ಕೇಳಿದೆ. "ಹಳೇ ನೀಲಿ ಕಾರು, ಅಜ್ಜಿ, ಎರಡು ಜುಟ್ಟು ಹಾಕಿರೋ ಮಗು?"

"ಓ, ಆ ನಗಿಸೋ ಮನುಷ್ಯನ ಕಾರಾ? ಬೆಳಿಗ್ಗೆ ಬಂದಿದ್ರಲ್ಲ. ಎಂಜಿನ್ನು ಬಿಸಿ ಅಂತ ಎರಡು ಬಕೆಟ್ ನೀರ್ ಹಾಕ್ಕೊಂಡ್ರು. 'ಹೊಸಾ ಎಂಜಿನ್ನು ಬಾಯಾರಿದೆ, ಪಾಪ ಅದಕ್ ಉಪವಾಸ ಇಲ್ಲ' ಅಂತಿದ್ರು," ಎಂದಳು ನಗುತ್ತ.

ಜುಫ್ರಿ ಕಾರಿನಲ್ಲಿ ಕೂತೇ ಅದನ್ನು ಕೇಳಿಸಿಕೊಂಡರು. "ಫ್ಯಾನು ಆಗ್ಲೇ ಸೋತಿದೆ," ಎಂದರು. ಅಷ್ಟೇ.

ಆಮೇಲೆ ಕಾಡು. ಆನೆಗಳಿವೆ ಎಂಬ ಹಳದಿ ಹಲಗೆಗಳು, ರಸ್ತೆಯ ಮಧ್ಯೆ ಹಸಿ ಲದ್ದಿ. ಏರು, ಇಳಿತ, ಏರು. ಫೋನು ಸತ್ತು ಮಡಿಲಲ್ಲಿ ಬಿದ್ದಿತ್ತು. ಒಂದು ತಿರುವಿನ ಆಚೆ ಮರಗಳ ಮೇಲೆ ಕಪ್ಪು ಹೊಗೆ ಕಂಡಿತು. ಇವರ ಗಂಟಲಿನಿಂದ ನಾನು ಎಂದೂ ಕೇಳಿರದ ಒಂದು ಸದ್ದು ಬಂತು. ಪಾಪು ಬೆಚ್ಚಿ ಅಳತೊಡಗಿದ. ತಿರುವು ದಾಟಿದರೆ ಮರದ ದಿಮ್ಮಿಯ ಲಾರಿ. ಬ್ರೇಕು ಕಾದು ಹೊಗೆಯಾಡುತ್ತಿತ್ತು, ಡ್ರೈವರು ಚಕ್ರಕ್ಕೆ ನೀರು ಸುರಿಯುತ್ತಿದ್ದ. ನಮ್ಮನ್ನು ನೋಡಿ ಕೈ ಬೀಸಿದ. ನಾವು ಬೀಸಲಿಲ್ಲ.

ಸರೋವರದ ಸೇತುವೆಗೆ ಇನ್ನೂ ದೂರವಿದೆ ಎನ್ನುವಲ್ಲಿ ನೀಲಿ ಕಾರು ಕಂಡಿತು. ರಸ್ತೆಯ ಅಂಚಿನ ಮಣ್ಣಿನಲ್ಲಿ ನಿಂತಿತ್ತು. ಬಾನೆಟ್ಟು ಮೇಲೆ, ನಾಲ್ಕೂ ಬಾಗಿಲು ತೆರೆದು. ಹತ್ತಿರ ಯಾರೂ ಇಲ್ಲ.

ಜುಫ್ರಿ ಎಂಜಿನ್ ಆರಿಸದೆಯೇ ಇಳಿದು ಓಡಿದರು. ಹಿಂದಿನ ಸೀಟಿನ ಮೇಲೆ ವರ್ದಾಳ ಚಪ್ಪಲಿ ಒಂದೇ ಒಂದು ಬಿದ್ದಿತ್ತು. ಇವರು ಅದನ್ನು ಕೈಗೆತ್ತಿಕೊಂಡು ಹಾಗೇ ನಿಂತುಬಿಟ್ಟರು. ನಾನು ಪಾಪುವನ್ನು ಅವಚಿಕೊಂಡು ಅವರ ಹಿಂದೆಯೇ ನಿಂತೆ.

"ಇಲ್ಲಿದೀವಿ ಕಣೇ! ಏನ್ ಹಂಗ್ ನಿಂತ್ಕೊಂಡ್ರಿ ಇಬ್ರೂ, ದೆವ್ವ ನೋಡ್ದೋರ ಥರ?"

ಅಮ್ಮನ ದನಿ. ರಸ್ತೆಯಿಂದ ಕೆಳಗೆ, ಕಾರಿಗೆ ಸಾಕಷ್ಟು ದೂರದಲ್ಲಿ, ಮರದ ಬುಡಕ್ಕೆ ಚಾಪೆ ಹಾಸಿಕೊಂಡು ಕೂತಿದ್ದಳು. ವರ್ದಾ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅಣ್ಣ ಬೆನ್ನು ತಿರುಗಿಸಿ ಮುನಿಸಿಕೊಂಡು ನಿಂತಿದ್ದ.

"ನಿಮ್ಮಮ್ಮಂಗ್ ಸ್ವಲ್ಪ ಹೇಳು," ಎಂದ ನನಗೆ. "ಆವಿ ಬಂತು ಅಂತ ನಿಲ್ಲಿಸ್ದೆ. ತಣ್ಣಗಾಗಿದೆ, ನೀರ್ ಹಾಕ್ಕೊಂಡ್ ಹೋಗೋಣ ಅಂದ್ರೆ ಏಳ್ತಾನೇ ಇಲ್ಲ. ಎಷ್ಟ್ ಹೊತ್ತಿಂದ ಕಾಡಲ್ಲಿ ಆನೆ ಕಾಯ್ತಾ ಕೂತಿದೀವಿ!"

"ಆನೆ ಬಂದ್ರೆ ಬರ್ಲಿ, ಅದಕ್ಕಾದ್ರೂ ಕಣ್ಣಿದೆ," ಎಂದಳು ಅಮ್ಮ. "ಆ ಗಾಡಿಯೊಳಗಿಂದ ಏನೋ ಕಮಟು ನಾತ ಬರ್ತಿತ್ತು. ನೀನ್ ಬೇಕಾದ್ರೆ ಹೋಗು ಬಹ್ರಿನ್. ನನ್ ಮೊಮ್ಮಗಳನ್ನ ಅದ್ರಲ್ಲಿ ಹತ್ತಿಸಲ್ಲ."

ನಾನು ಚಾಪೆಯ ಮೇಲೆ ಕುಸಿದು ವರ್ದಾಳ ಕಾಲು ಹಿಡಿದುಕೊಂಡೆ. ಬೆಚ್ಚಗಿತ್ತು, ಮಣ್ಣಾಗಿತ್ತು. ಹಾಲು ತಾನಾಗಿಯೇ ಒಸರಿ ರವಿಕೆ ಒದ್ದೆಯಾಯಿತು. ಪಾಪು ಅತ್ತದ್ದಕ್ಕೋ, ಮಗಳು ಸಿಕ್ಕಿದ್ದಕ್ಕೋ ತಿಳಿಯದು.

ಜುಫ್ರಿ ಟೇಪು ಬಿಚ್ಚಿದರು. ಫ್ಯಾನಿನ ವೈರಿನ ರಬ್ಬರು ಕೊಳವೆ ಕಾದು ಬೆಲ್ಲದ ಪಾಕದಂತೆ ಕರಗಿ, ಪಕ್ಕದ ಪೆಟ್ರೋಲ್ ಪೈಪಿಗೆ ಅಂಟಿಕೊಂಡಿತ್ತು. ಪೈಪಿನ ಮೇಲೆ ಉಗುರಿನಷ್ಟು ಕಪ್ಪು ಗುರುತು. ವೈರಿನಲ್ಲಿ ಎರಡು ಮೂರು ಎಳೆಗಳಷ್ಟೇ ಉಳಿದಿದ್ದವು. ಅಣ್ಣ ಬಗ್ಗಿ ಅದನ್ನು ನೋಡಿದ. ಹೋಗಿ ಅಮ್ಮನ ಪಕ್ಕ ಕೂತು ಅವಳ ಕಾಲು ಒತ್ತತೊಡಗಿದ.

ಸುಟ್ಟ ಭಾಗವನ್ನೆಲ್ಲ ಕತ್ತರಿಸಿ ಹೊಸ ತುಂಡು ಕೂಡಿಸಬೇಕಿತ್ತು. ಅದಕ್ಕೆ ಮತ್ತೆ ಸುಲಿಯಬೇಕು. ಇವರ ಕೈ ಜೇಬಿಗೆ ಹೋಯಿತು, ಬ್ಲೇಡು ಹೊರಗೆ ಬಂತು. ಬ್ಲೇಡು ಮಣ್ಣಿಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

ನಾನು ಹತ್ತಿರ ಹೋದೆ. "ಬಾಂಗ್, ಪ್ರಯಾಣದಲ್ಲಿದೀವಿ. ಪ್ರಯಾಣಿಕರಿಗೆ ಉಪವಾಸ ಬಿಡೋ ಅನುಮತಿ ಇದೆ. ಹಬ್ಬ ಆದ್ಮೇಲೆ ಒಂದ್ ದಿನ ಹಿಡಿದ್ರಾಯ್ತು."

"ಇಷ್ಟ್ ವರ್ಷದಲ್ಲಿ ಒಂದ್ ದಿನಾನೂ ಬಿಟ್ಟಿಲ್ಲ ರೋಹಾ."

"ಅಳಿಯಾ," ಎಂದಳು ಅಮ್ಮ ಕೆಳಗಿನಿಂದ, "ಲೆಕ್ಕ ಆಮೇಲ್ ಹಾಕೋ. ಮಗು ಏಳೋ ಹೊತ್ತಾಯ್ತು."

ಇವರು ಮೊದಲು ಕ್ಯಾನಿನಿಂದ ಒಂದು ಗುಟುಕು ನೀರು ಕುಡಿದರು. ಕಣ್ಣು ಮುಚ್ಚಿಕೊಂಡು, ಮದ್ದು ಕುಡಿದ ಹಾಗೆ. ಆಮೇಲೆ ವೈರನ್ನು ಹಲ್ಲಿಗಿಟ್ಟರು. ಒಂದು ಕಡೆ ಕಚ್ಚಿ, ತಿರುಗಿಸಿ, ಇನ್ನೊಂದು ಕಡೆ ಕಚ್ಚಿ, ಎಳೆದರು. ಸಿಪ್ಪೆ ಉಗಿದರು. ತಾಮ್ರ ಪೂರ್ತಿ ಹೊಳೆಯುತ್ತಿತ್ತು. ಹೀಗೆ ಫ್ಯಾನಿನದು, ಪೆಟ್ರೋಲ್ ಪಂಪಿನದು, ದೀಪದ್ದು ಎಂದು ತಾವು ಬ್ಲೇಡು ಆಡಿಸಿದ ಒಂದೊಂದು ಬೆಸುಗೆಯನ್ನೂ ಬಿಚ್ಚಿ, ಸುಲಿದು, ಹಿತ್ತಾಳೆಯ ಕೊಳವೆ ಹಾಕಿ ಒತ್ತಿ ಬಿಗಿದರು. ಪೆಟ್ರೋಲ್ ಪೈಪನ್ನೂ ಬದಲಿಸಿದರು. ಬಿಸಿಲು ಮರಗಳ ಆಚೆ ಜಾರುವವರೆಗೂ ಅವರ ಬಾಯಲ್ಲಿ ವೈರಿತ್ತು, ನಮ್ಮ ಬಾಯಲ್ಲಿ ಪ್ರಾರ್ಥನೆಯಿತ್ತು.

ಅಣ್ಣ ಕೀಲಿಗೆ ಕೈ ಚಾಚಿದ. ಜುಫ್ರಿ ಕೊಡಲಿಲ್ಲ.

"ಮೊದ್ಲು ನಾನೊಬ್ನೇ ಹೋಗಿ ಬರ್ತೀನಿ. ಆ ಏರಿನ ತುದಿವರೆಗೆ. ಯಾರೂ ಹತ್ತಬೇಡಿ."

"ಅಪ್ಪಾ, ನಾನೂ!" ಎಂದಳು ಎಚ್ಚರಾದ ವರ್ದಾ.

"ನೀನಂತೂ ಬೇಡ," ಎಂದರು, ಅವಳ ಕಡೆ ನೋಡದೆ.

ಕಾರು ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು. ಎಂಜಿನ್ನಿನ ಸದ್ದು ಸಣ್ಣಗಾಗಿ ಜೀರುಂಡೆಗಳ ಸದ್ದಿನೊಳಗೆ ಮುಳುಗಿತು. ಆ ಹೊತ್ತನ್ನು ಹೇಗೆ ಕಳೆದೆನೆಂದು ಬರೆಯಲು ಬರುವುದಿಲ್ಲ. ವರ್ದಾಳ ಜುಟ್ಟು ಬಿಚ್ಚಿ ಕಟ್ಟಿದೆ, ಮತ್ತೆ ಬಿಚ್ಚಿದೆ. ಮಗಳು ನನ್ನ ಕೈಯಲ್ಲಿದ್ದಳು. ಈಗ ಆ ಕಾರಿನೊಳಗೆ ಇದ್ದದ್ದು ಅವಳ ಅಪ್ಪ. ಕೆಂಪು ಸಿಲಿಂಡರು ನಮ್ಮ ಕಾರಿನಲ್ಲೇ ಉಳಿದುಹೋಗಿದೆ ಎಂದು ಆಗ ನೆನಪಾಯಿತು. ಅಮ್ಮ ಮಾತ್ರ ಚಾಪೆ ಮಡಚುತ್ತ, "ಬರ್ತಾನೆ ಬಿಡು. ಹೆದರೋ ಗಂಡಸು ಬೇಗ ಸಾಯಲ್ಲ," ಎಂದಳು. ಮಡಚಿದ ಚಾಪೆಯನ್ನು ಮತ್ತೆ ಬಿಚ್ಚಿ ಮಡಚಿದಳು.

ಬಂದರು. ಬಾನೆಟ್ಟು ಎತ್ತಿ ಮೂಸಿದರು, ವೈರಿನುದ್ದಕ್ಕೂ ಬೆರಳಾಡಿಸಿ ಶಾಖ ನೋಡಿದರು. "ಹತ್ತಿ," ಎಂದರು. ಆದರೂ ವರ್ದಾಳನ್ನು ಎತ್ತಿ ನಮ್ಮ ಪುಟ್ಟ ಕಾರಿನಲ್ಲಿ ನನ್ನ ಪಕ್ಕ ಕೂರಿಸಿದರು. ಅಣ್ಣ ಅದನ್ನು ನೋಡಿಯೂ ನೋಡದಂತಿದ್ದ. ತುಂಪಾಟ್‌ವರೆಗೂ ನಾವು ಅವನ ಹಿಂದೆಯೇ ಹೋದೆವು.

ಹಬ್ಬದ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಬಂದ ಜುಫ್ರಿ ಹೊಸ ಬಟ್ಟೆಯಲ್ಲೇ ಅಂಗಳದ ತೆಂಗಿನ ಮರದಡಿ ಫೋನು ಹಿಡಿದು ನಿಂತರು. ಒಳಗೆ ಮಾಂಸದ ರೆಂಡಾಂಗು ತಣ್ಣಗಾಗುತ್ತಿತ್ತು. ಆ ತಿಂಗಳು ಬ್ಲೇಡಿನಲ್ಲಿ ಸುಲಿದ ಗಾಡಿಗಳಲ್ಲಿ, ಹಿಂದಿನ ದಿನವೆಲ್ಲ ಫೋನು ಹಚ್ಚಿದರೂ ಮಾಲೀಕರು ಸಿಗದ ಕೆಲವು ಇನ್ನೂ ಉಳಿದಿದ್ದವು. ಎಲ್ಲವೂ ಅಂದೇ ಮಕ್ಕಳು ಮರಿಗಳನ್ನು ತುಂಬಿಕೊಂಡು ಮನೆಮನೆಗೆ ಹೊರಡುವಂಥವು.

ನಮ್ಮಲ್ಲಿ ಹಬ್ಬದ ದಿನ ಯಾರು ಸಿಕ್ಕರೂ ಮೊದಲ ಮಾತು ಕ್ಷಮೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿದ್ದರೆ ಮನ್ನಿಸಿ ಎಂದು ದೊಡ್ಡವರು ಚಿಕ್ಕವರು ಎಲ್ಲರೂ ಹೇಳಿಕೊಳ್ಳುತ್ತಾರೆ. ನಿನ್ನದೂ ಸೊನ್ನೆ, ನನ್ನದೂ ಸೊನ್ನೆ ಎಂದು ನಗುತ್ತಾರೆ. ಹಾಗಾಗಿ ಇವರು, "ನನ್ನಿಂದ ತಪ್ಪಾಗಿದೆ, ಕ್ಷಮಿಸಿ," ಎಂದು ಶುರುಮಾಡಿದರೆ ಆ ಕಡೆಯವರು ಪೂರ್ತಿ ಕೇಳುತ್ತಲೇ ಇರಲಿಲ್ಲ. ಒಬ್ಬೊಬ್ಬರಿಗೂ ಎರಡೆರಡು ಸಲ ಬಿಡಿಸಿ ಹೇಳಬೇಕಾಯಿತು. ಕೊನೆಗೆ ಉಳಿದವರು ಮನ್ಸೂರ್ ಮೇಷ್ಟ್ರು, ಐದು ಮಕ್ಕಳ ಸಂಸಾರ. ಅವರ ವ್ಯಾನಿನ ಪೆಟ್ರೋಲ್ ಪಂಪಿನ ವೈರು ಇವರೇ ಕಟ್ಟಿದ್ದು.

"ಓ ಜುಫ್ರಿ! ಮನ್ನಿಸಿದೆ, ಮನ್ನಿಸಿದೆ!" ಮೇಷ್ಟ್ರ ದನಿ ನನಗೂ ಕೇಳುತ್ತಿತ್ತು. "ನನ್ದೂ ಸೊನ್ನೆ, ನಿನ್ದೂ ಸೊನ್ನೆ! ಎಲ್ರೂ ಹತ್ತಿ ಕೂತಿದಾರೆ ಮಾರಾಯಾ, ಅತ್ತೆ ಮನೆಗ್ ಹೊರಟಿದೀವಿ. ಸಾಯಂಕಾಲ ಮಾತಾಡೋಣ…"

"ಮೇಷ್ಟ್ರೇ, ಆ ಕ್ಷಮೆ ಅಲ್ಲ ಇದು…"

"ಎಲ್ಲಾ ಕ್ಷಮೆನೂ ಒಂದೇ ಕಣಯ್ಯಾ, ಇಡ್ತೀನಿ…"

"ಇಡಬೇಡಿ!" ಎಂದು ಜುಫ್ರಿ ಚೀರಿದರು. ನಮ್ಮ ಮದುವೆಯಾದ ಮೇಲೆ ಇವರು ದನಿಯೆತ್ತಿದ್ದನ್ನು ನಾನು ಕೇಳಿರಲಿಲ್ಲ. ಒಳಗಿದ್ದ ನೆಂಟರೆಲ್ಲ ಬಾಗಿಲಿಗೆ ಬಂದರು. "ನನ್ನನ್ನ ಮನ್ನಿಸ್ಬೇಡಿ! ಕೀಲಿ ತಿರುಗಿಸ್ಬೇಡಿ! ನಿಮ್ ವ್ಯಾನಿನ ವೈರು ನಾನ್ ಹಾಳ್ ಮಾಡಿದೀನಿ, ಪೆಟ್ರೋಲಿನ ಪಕ್ಕದ್ದು. ಹೊತ್ಕೊಳ್ಳುತ್ತೆ. ಮಕ್ಕಳನ್ನ ಇಳಿಸಿ!"

ಆ ಕಡೆ ನಗು ನಿಂತಿತು. ಆಮೇಲೆ ಮೇಷ್ಟ್ರು ಫೋನನ್ನು ಬಾಯಿಂದ ದೂರ ಹಿಡಿದು, "ಇಳೀರಿ. ಎಲ್ರೂ ಇಳೀರಿ. ಈಗ್ಲೇ," ಎಂದದ್ದು ಕೇಳಿಸಿತು. ಮಗುವೊಂದು ಯಾಕೆ ಎಂದು ರಾಗ ತೆಗೆಯಿತು. ವ್ಯಾನಿನ ಬಾಗಿಲು ಸರಿಯಿತು. ಪುಟ್ಟ ಪುಟ್ಟ ಪಾದಗಳು ನೆಲಕ್ಕೆ ಧುಮುಕುವ ಸದ್ದು. ಜುಫ್ರಿ ಫೋನನ್ನು ಕಿವಿಗೆ ಒತ್ತಿ ಹಿಡಿದು, ತುಟಿಯಲ್ಲೇ ಎಣಿಸುತ್ತ, ಐದನೆಯ ಮಗು ಇಳಿಯುವವರೆಗೂ ಅಲ್ಲಾಡದೆ ನಿಂತಿದ್ದರು.